ಬಾವುಟ ಹಿಡಿಯುವ ಹುಡುಗಿ

ಆ ದಿನಗಳಲ್ಲಿ ಆಗಸ್ಟ್ ಬಂತೆಂದರೆ ಕೊಳ್ಳೇಗಾಲದ ನಮ್ಮ ಹಾಸ್ಟೆಲಿಗೆಲ್ಲ ಗಂಜಿ ಹಾಕಿದ ಬಟ್ಟೆಯ ವಾಸನೆ. ಕೆಂಡ ತುಂಬಿದ ಚೊಂಬಿನಿಂದ ಲಂಗಕ್ಕೆ ಇಸ್ತ್ರಿ ಮಾಡುತ್ತಿದ್ದೆವು. ಬಿಳಿಗಿರಿ ಬೆಟ್ಟದ ಪೋಡಿನಿಂದ, ಅಂದರೆ ನಮ್ಮ ಸೋಲಿಗರ ಕೇರಿಯಿಂದ, ಅಲ್ಲಿಗೆ ಬಂದವಳು ನಾನೊಬ್ಬಳೇ. ಊಟಕ್ಕೆ ಕೂತರೆ ಎಲ್ಲರ ಪಕ್ಕದಲ್ಲೂ ಅವರವರ ಊರಿನವರು. ನನ್ನ ಪಕ್ಕ ಗೋಡೆ.

ನನ್ನ ಹೆಜ್ಜೆ ತಪ್ಪುತ್ತಿರಲಿಲ್ಲವೆಂದು ಆ ವರ್ಷ ಪಥಸಂಚಲನದಲ್ಲಿ ಬಾವುಟ ಹಿಡಿಯುವ ಕೆಲಸ ನನಗೆ ಬಂತು. ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೆಟ್ಟದ ಬಸ್ಸಿನ ಕಂಡಕ್ಟರನ ಬಳಿ ಅಪ್ಪನಿಗೆ ಹೇಳಿಕಳಿಸಿದೆ: "ಬಾವುಟ ನಾನೇ ಹಿಡಿಯಾದು. ತಪ್ಪದೆ ಬಾ."

ಸ್ವಾತಂತ್ರ್ಯ ದಿನದ ಹಿಂದಿನ ದಿನ ಶಾಲೆಯ ಮೇಡಂ ಕರೆದರು.

"ಬಾವುಟ ಬೇರೆ ಯಾರಾದ್ರೂ ಹಿಡೀತಾರೆ ಕಣಮ್ಮ. ಮೆರವಣಿಗೆ ಟ್ಯಾಬ್ಲೋದಲ್ಲಿ ಭಾರತಮಾತೆ ಸುತ್ತ ಎಲ್ಲಾ ಥರದ ಜನ ನಿಲ್ಬೇಕು. ಕಾಡುಜನಕ್ಕೆ ನೀನೇ ಸರಿ."

"ಯೂನಿಫಾರಂನಲ್ಲೇ ನಿಂತ್ಕತೀನಿ, ಮೇಡಂ."

"ಆಗ ಗೊತ್ತಾಗೋದು ಹೆಂಗೆ?" ಎಂದು ನಕ್ಕರು.

ನೇಯ್ಗೆಯವರ ಮನೆಯ ಹುಡುಗಿ ರೇಷ್ಮೆ ಸೀರೆಯುಟ್ಟು ಭಾರತಮಾತೆಯಾದಳು. ನನಗೆ ಸೊಂಟಕ್ಕೆ ಮಾವಿನ ಸೊಪ್ಪು, ತಲೆಗೆ ಗರಿ, ಮುಖಕ್ಕೆಲ್ಲ ಎಣ್ಣೆಯಲ್ಲಿ ಕಲಸಿದ ಮಸಿ. ನಮ್ಮ ಪೋಡಿನಲ್ಲಿ ಗರಿ ಇದ್ದದ್ದು ಕೋಳಿಗಳಿಗೆ ಮಾತ್ರ! ಅವ್ವ ಉಡುತ್ತಿದ್ದದ್ದು ಸಂತೆಯ ನೈಲಾನ್ ಸೀರೆ. ಬೀದಿಯ ಜನ ಕೇಕೆ ಹಾಕಿದರು. ಮಸಿ ಕಣ್ಣಿಗಿಳಿದು ಉರಿಯಿತು. ಅಪ್ಪ ಬರದಿರಲಿ ಅಂದುಕೊಂಡೆ.

ಬಂದಿದ್ದ. ಎಲ್ಲ ಮುಗಿದು ಸಿಹಿಬೂಂದಿ ಹಂಚುವಾಗ, ಮದುವೆಗಳಿಗೆಂದು ಇಟ್ಟಿದ್ದ ಬಿಳಿ ಅಂಗಿ ತೊಟ್ಟು, ಹುಡುಗಿಯರ ಮುಖ ಒಂದೊಂದೇ ನೋಡುತ್ತ ಬಂದ. ನನ್ನೆದುರು ನಿಂತು, ಕಣ್ಣು ಮಾತ್ರ ಬೇರೆಲ್ಲೋ ಹುಡುಕುತ್ತಿರುವಂತೆಯೇ ಕೇಳಿದ:

"ಕೂಸೇ, ನನ್ ಮಗಳು ಬಾವುಟ ಹಿಡ್ಕಂಡಿದ್ಲಂತೆ. ಎಲ್ಲವಳೆ, ನೋಡಿದ್ಯಾ?"

"ಅಪ್ಪಾ, ನಾನೇ ಕಣಪ್ಪಾ."

ಅಪ್ಪ ಹೆಗಲ ಟವಲು ತೆಗೆದು ನನ್ನ ಮುಖ ಒರೆಸಿದ. ಚರ್ಮ ಉರಿಯುವಷ್ಟು ಒರೆಸಿದ. "ನಮ್ಮೋರಲ್ಲಿ ಯಾರವ್ವ ಹಿಂಗಿದ್ದರು?" ಅಂದ. ನಾನು ಅಷ್ಟು ಒಂಟಿ ಅಂತ ನನಗೆ ಅನ್ನಿಸಿದ್ದು ಅದೇ ಮೊದಲು, ಅಪ್ಪ ಎದುರಿಗಿದ್ದಾಗಲೇ.

ಈಗ ಯಳಂದೂರಿನ ಕಡೆ ಒಂದು ಶಾಲೆಯಲ್ಲಿ ನಾನೇ ಟೀಚರು. ಪೋಡಿನ ಮನೆಮನೆಗೂ ಬಾವುಟ ಕೊಡುತ್ತಾರೆ, ಕಟ್ಟುತ್ತೇವೆ. ಸಮಾರಂಭಕ್ಕೆ ಕರೆಯುವವರು ಈಗಲೂ "ನಿಮ್ಮ ಡ್ರೆಸ್ಸಲ್ಲೇ ಬನ್ನಿ" ಅನ್ನುತ್ತಾರೆ, ಸೀರೆಯುಟ್ಟೇ ಹೋಗುತ್ತೇನೆ. ಬಾವುಟದ ಹಗ್ಗವನ್ನೂ ಎಷ್ಟೋ ಸಲ ಎಳೆದಿದ್ದೇನೆ. ಅಪ್ಪ ಒಮ್ಮೆಯೂ ಬರಲಿಲ್ಲ. ಕರೆದಾಗಲೆಲ್ಲ, "ನೀ ಓಗವ್ವ, ಅಲ್ಲಿ ನಿನ್ ಗುರ್ತು ನಂಗೆ ಸಿಕ್ಕಲ್ಲ" ಅನ್ನುತ್ತಿದ್ದ. ಈಗ ಕರೆಯುವುದಕ್ಕೂ ಅಪ್ಪನಿಲ್ಲ.