ಅಪ್ಪನ ತಿಥಿ ಯಾವತ್ತು?

ಸಿಟ್ಟು ಕಡಿಮೆ ಮಾಡ್ಕೋ ಅಂತ ನನಗೆ ಹೇಳದವರಿಲ್ಲ. ಈ ವಯಸ್ಸಿಗೆ ಬಿಪಿ ಬೇರೆ ಇದೆ. ಮಾಡ್ಕೊಳ್ಳಲ್ಲ ಕಣ್ರೀ! ಯಾಕೆ ಅಂತ ಹೇಳ್ತೀನಿ, ಕೇಳಿ.

ಅಪ್ಪ ಉತ್ತರದ ಕಡೆಯ ಒಂದು ಕಲ್ಲಿದ್ದಲು ಗಣಿಯಲ್ಲಿ ಸರ್ವೇಯರ್ ಆಗಿದ್ದರು. ನೆಲದೊಳಗೆ ಇಳಿದು ಸುರಂಗ ಅಳೆದು ನಕ್ಷೆ ಬರೆಯುವ ಕೆಲಸ. ಅಮ್ಮ, ನಾನು ಮೈಸೂರಿನ ಅಗ್ರಹಾರದಲ್ಲಿ ಚಿಕ್ಕಪ್ಪನ ಜೊತೆಗಿದ್ದೆವು. ಸ್ವಾತಂತ್ರ್ಯ ಬಂದ ಒಂದೆರಡು ವರ್ಷಕ್ಕೆ, ನನಗೆ ಎಂಟು ತುಂಬಿದಾಗ, ಗಣಿಗೆ ಬೆಂಕಿ ಬಿತ್ತು. ಒಳಗಿದ್ದವರೆಲ್ಲ ಅಂದೇ ಸತ್ತರು, ಹೆಣ ತೆಗೆಯಲು ಸಾಧ್ಯವಿಲ್ಲ, ಗಣಿಯ ಬಾಯಿ ಮುಚ್ಚಿದ್ದೇವೆ ಅಂತ ಟೆಲಿಗ್ರಾಂ ಬಂತು. ಚಿಕ್ಕಪ್ಪ ಪಂಚಾಂಗ ತೆಗೆದು ನೋಡಿದರು. ಪುಷ್ಯ ಬಹುಳ ಪಂಚಮಿ. ನನಗೆ ಅಣ್ಣತಮ್ಮಂದಿರಿಲ್ಲ, ಹಾಗಾಗಿ ಪ್ರತಿವರ್ಷ ಪಂಚಮಿಗೆ ಚಿಕ್ಕಪ್ಪನೇ ಶ್ರಾದ್ಧ ಮಾಡುತ್ತಿದ್ದರು. ಅಮ್ಮ ಮಡಿಯುಟ್ಟು ಅಡುಗೆ ಮಾಡುತ್ತಿದ್ದಳು. ಹತ್ತು ವರ್ಷ ಹೀಗೇ ಕಳೆಯಿತು.

ಆ ಗಣಿಯಿಂದ ಜೀವ ಉಳಿಸಿಕೊಂಡು ನಮ್ಮ ಕಡೆಗೆ ವಾಪಸು ಬಂದವರು ಹಿನಕಲ್ಲಿನ ಗೌಡರೊಬ್ಬರೇ. ಅಪ್ಪ ಸುರಂಗ ಅಳೆಯುವಾಗ ಸರಪಣಿಯ ಇನ್ನೊಂದು ತುದಿ ಹಿಡಿಯುತ್ತಿದ್ದವರು. ವಾರಕ್ಕೆರಡು ಸಲ ನಮ್ಮ ಮನೆಗೆ ಸೊಪ್ಪು ತರಕಾರಿ ತಂದುಕೊಡುತ್ತಿದ್ದರು. ಗಣಿಯ ಮಾತೆತ್ತಿದರೆ ಸಾಕು, ಎದ್ದು ಹೊರಟೇಬಿಡುತ್ತಿದ್ದರು. ಹತ್ತು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಬುಟ್ಟಿಯನ್ನು ಎಲ್ಲೋ ಹಾಕಿ ಜಗಲಿ ಮೇಲೆ ಕುಸಿದು ಕೂತರು.

"ಅಮ್ಮಾವ್ರೆ, ಆ ಗಣಿ ಮ್ಯಾನೇಜರು ಇಲ್ಲೇ ಬಂದವ್ನೆ ಕಣಮ್ಮ! ರಿಟೈರಾಗಿ ನಿಮ್ಮ ಹಿಂದ್ಲು ಬೀದೀಲೇ ಮನೆ ತಗಂಡವ್ನೆ. ಪಟ್ಟೆ ಪಂಚೆ ಉಟ್ಕಂಡು ದೇವಸ್ಥಾನಕ್ಕೆ ಓಯ್ತಿದ್ದ, ನೋಡ್ಬುಟ್ಟೆ."

ಆಮೇಲೆ ಹತ್ತು ವರ್ಷ ನುಂಗಿಕೊಂಡಿದ್ದನ್ನೆಲ್ಲ ಹೇಳಿದರು. ಬೆಂಕಿ ಬಿದ್ದ ದಿನ, ಹೊರಗೆ ಓಡಿಬಂದವರ ಕೈಯಲ್ಲೇ ಗಣಿಯ ಬಾಯಿಗೆ ಇಟ್ಟಿಗೆ ಗೋಡೆ ಕಟ್ಟಿಸಿದನಂತೆ ಆ ಮ್ಯಾನೇಜರು. ಗಾಳಿ ಹೋಗದಿದ್ದರೆ ಬೆಂಕಿ ಆರುತ್ತೆ, ಕಲ್ಲಿದ್ದಲು ಉಳಿಯುತ್ತೆ. ಒಳಗಿನ ನೀರಿನ ಪೈಪೊಂದು ಗೋಡೆ ದಾಟಿ ಹೊರಗೆ ಬಂದಿತ್ತು. ಮಾರನೆಯ ದಿನ ಗೋಡೆಗೆ ಗಾರೆ ಮೆತ್ತುವಾಗ ಆ ಪೈಪಿನಲ್ಲಿ ಸದ್ದು.

"ಬಡೀತಿದ್ರು ಕಣಮ್ಮ. ಮೂರು ಏಟು, ಸುಮ್ಕಾಗೋದು, ಇನ್ನ ಮೂರು ಏಟು. ಸ್ವಾಮಿ, ಒಳಗೆ ಜನ ಅವ್ರೆ ಅಂದೆ. ಅವ್ನೂ ಬಂದು ಕಿವಿ ಇಟ್ಟು ಕೇಳ್ದ. ಕಾವಿಗೆ ಕಬ್ಬಿಣ ಅಂಗೇ ಸದ್ದು ಮಾಡ್ತದೆ, ನಿನ್ ಕೆಲ್ಸ ನೋಡು ಅಂದ. ಮೆತ್ಬುಟ್ಟೆ ಕಣಮ್ಮ, ಈ ಕೈಲೇ ಮೆತ್ಬುಟ್ಟೆ."

ಅಂದು ಸಂಜೆಯೇ ಗೌಡರನ್ನು ರೈಲು ಹತ್ತಿಸಿ ಊರಿಗೆ ಅಟ್ಟಿದ್ದರಂತೆ.

ನಾನಾಗ ಹದಿನೆಂಟರ ಹುಡುಗಿ. "ಈಗಲೇ ಹೋಗಿ ಆ ಪಾಪಿಯ ಕತ್ತಿನ ಪಟ್ಟಿ ಹಿಡಿದು ಬೀದಿಗೆ ಎಳೀತೀನಿ" ಅಂತ ಎದ್ದೆ. ಅಮ್ಮ ಅಳಲೂ ಇಲ್ಲ, ಬೈಯಲೂ ಇಲ್ಲ. "ಎಷ್ಟು ದಿನ ಬಡಿದರು?" ಅಂತ ಮಾತ್ರ ಕೇಳಿದಳು. ಗೌಡರಿಗೆ ಗೊತ್ತಿರಲಿಲ್ಲ.

"ಅಂದರೆ ಪಂಚಮಿ ದಿನ ಅವರು ಬದುಕಿದ್ದರು" ಅಂದಳು ಅಮ್ಮ. "ಉಸಿರಾಡ್ತಿದ್ದ ಗಂಡನಿಗೆ ಹತ್ತು ವರ್ಷ ಪಿಂಡ ಹಾಕಿಸಿದೀನಿ. ನಿಜವಾಗಿ ಹೋದ ದಿನ ಅವರನ್ನ ಉಪವಾಸ ಕೆಡವಿದೀನಿ."

"ದಿನ ಗೊತ್ತಿಲ್ಲದವರಿಗೆ ಮಹಾಲಯ ಅಮಾವಾಸ್ಯೆ ಇದೆಯಲ್ಲ, ಅತ್ತಿಗೆ" ಅಂದರು ಚಿಕ್ಕಪ್ಪ.

"ಗೊತ್ತಿರೋನು ಹಿಂದಿನ ಬೀದೀಲೇ ಕೂತಿದ್ದಾನೆ. ನನಗೆ ಯಾಕೆ ಅಮಾವಾಸ್ಯೆ?"

ಶ್ರಾದ್ಧದಲ್ಲಿ ಸತ್ತವರ ಸ್ಥಾನದಲ್ಲಿ ಒಬ್ಬ ಬ್ರಾಹ್ಮಣನನ್ನು ಕೂರಿಸಿ, ಕಾಲು ತೊಳೆದು ಊಟ ಹಾಕುವ ಪದ್ಧತಿ. ಅವನು ಉಂಡರೆ ಸತ್ತವರು ಉಂಡ ಹಾಗೆ. ಒಮ್ಮೆ ಕೂತ ಮೇಲೆ ಮುಗಿಯುವ ತನಕ ಏಳುವಂತಿಲ್ಲ, ಉಣ್ಣುವಾಗ ತುಟಿ ಬಿಚ್ಚುವಂತಿಲ್ಲ. ಈ ಸಲ ಪಂಚಮಿಗೆ ಯಾರನ್ನು ಕರೆಯಬೇಕು ಅಂತ ಅಮ್ಮ ಪುರೋಹಿತರಿಗೆ ತಾನೇ ಹೇಳಿದಳು. "ಭಾರಿ ಮಡಿವಂತರು, ಕರೆದರೆ ಇಲ್ಲ ಅನ್ನಲ್ಲ" ಅಂದರು ಅವರು, ಪಾಪ, ಏನೂ ತಿಳಿಯದೆ.

ಬಂದ. ಚಿಕ್ಕಪ್ಪ ಅವನ ಕಾಲು ತೊಳೆದರು. ದರ್ಭೆ ಹಾಕಿ ಅಪ್ಪನ ಸ್ಥಾನದಲ್ಲಿ ಕೂರಿಸಿದರು. ಆಮೇಲೆ ಪುರೋಹಿತರು ಅಪ್ಪನ ಗೋತ್ರ ಹೇಳಿ, ಹೆಸರು ಹೇಳಿದರು. ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು. ಏಳೋ ಈಗ, ಎದ್ದು ಓಡು ನೋಡೋಣ ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಏಳಲಿಲ್ಲ. ಅಮ್ಮ ವಡೆಯ ಮೇಲೆ ವಡೆ ಬಡಿಸಿದಳು, ಎಳ್ಳುಂಡೆ ಇಟ್ಟಳು, ಪಾಯಸ ಸುರಿದಳು. ತುತ್ತು ತುತ್ತಿಗೂ ನೀರು ಕುಡಿದು ನುಂಗಿದ. ನನಗೆಷ್ಟು ಖುಷಿಯಾಯಿತು ಅಂತೀರಿ! ಸುಳ್ಳು ಯಾಕೆ ಹೇಳಲಿ, ಈಗ ನೆನೆಸಿಕೊಂಡರೂ ಖುಷಿಯೇ ಆಗುತ್ತೆ.

ಊಟ ಮುಗಿದಾಗ ಪುರೋಹಿತರು ಪದ್ಧತಿಯಂತೆ ಕೇಳಿದರು: "ತೃಪ್ತಿಯಾಯಿತೇ?"

ಅವನು ಬಾಯಿ ತೆರೆಯುವ ಮೊದಲೇ ಅಮ್ಮ ಅಡುಗೆಮನೆಯಿಂದ ಹೊರಗೆ ಬಂದು ಎದುರಿಗೇ ನಿಂತಳು. "ಈಗ ಈ ಮನುಷ್ಯ ನನ್ನ ಗಂಡನ ಸ್ಥಾನದಲ್ಲಿದ್ದಾರೆ. ನನ್ನ ಗಂಡನನ್ನ ನಾನು ಕೇಳಬಹುದು. ಹೇಳಿ, ನೀವು ಹೋದದ್ದು ಯಾವತ್ತು?"

ಪುರೋಹಿತರು ಕಕ್ಕಾಬಿಕ್ಕಿಯಾದರು. ಅವನು ಎಲೆಯನ್ನೇ ನೋಡುತ್ತಾ ಹೇಳಿದ.

"ಅಷ್ಟಮಿ. ದಿನಾ ಹೋಗಿ ಪೈಪಿಗೆ ಕಿವಿ ಇಡ್ತಿದ್ದೆ. ಅಷ್ಟಮಿ ಬೆಳಿಗ್ಗೆ ಸದ್ದು ನಿಂತಿತು."

ದಿನಾ ಹೋಗುತ್ತಿದ್ದನಂತೆ! ಹೋಗಿ, ಕೇಳಿ, ಮನೆಗೆ ಬಂದು ಊಟ ಮಾಡಿ ಮಲಗುತ್ತಿದ್ದ ನೀಚ. ಕೈಗೆ ಸಿಕ್ಕಿದ ಚೊಂಬನ್ನು ನಾನು ಎತ್ತೇಬಿಟ್ಟಿದ್ದೆ. ಅಮ್ಮ ಅದನ್ನು ಕಿತ್ತು ಕೆಳಗಿಟ್ಟಳು.

"ಹಾಗಾದರೆ ಇವತ್ತು ನೀವು ಉಂಡದ್ದು ಬದುಕಿದ್ದವರ ತಿಥಿ" ಅಂದಳು ಅವನಿಗೆ. "ಮೂರು ದಿನ ಬಿಟ್ಟು ಅಷ್ಟಮಿ. ಬರಬೇಕು. ಇದೇ ಸ್ಥಾನ."

ಹಗಲು ಹೊತ್ತು ನಮ್ಮ ಬೀದಿಯಲ್ಲಿ ಯಾರೂ ಬಾಗಿಲು ಹಾಕುತ್ತಿರಲಿಲ್ಲ. ಅಷ್ಟಮಿಯ ಮಧ್ಯಾಹ್ನ ಎಲೆ ಹಾಕಿ ಎಲ್ಲ ಅಣಿಯಾದ ಮೇಲೆ ಅಮ್ಮ ಹೋಗಿ ಅಗಳಿ ಹಾಕಿ ಬಂದು ಕೂತಳು. ಹಿನಕಲ್ ಗೌಡರು ಹಿತ್ತಲ ಬಾಗಿಲಲ್ಲಿ ನಿಂತಿದ್ದರು. ಸ್ವಲ್ಪ ಹೊತ್ತಿಗೆ ಹೊರಗಿನಿಂದ ಬಾಗಿಲು ಬಡಿದ ಸದ್ದು. ಏಳಲು ಹೋದ ನನ್ನ ಕೈಯನ್ನು ಅಮ್ಮ ಹಿಡಿದುಕೊಂಡಳು.

"ಕೂತ್ಕೊ. ಬಡೀಲಿ."

ಬಡಿದ. ಸುಮ್ಮನಾದ. ಮತ್ತೆ ಬಡಿದ. ಗೌಡರು ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು ಬಿಕ್ಕುತ್ತಿದ್ದರು. ಹೊತ್ತು ಮೀರುತ್ತೆ ಅಂತ ಚಿಕ್ಕಪ್ಪ ಗೋಗರೆದರು. ಅಮ್ಮ ಕದಲಲಿಲ್ಲ. ಸದ್ದು ಪೂರ್ತಿ ನಿಂತ ಮೇಲೆ ಎದ್ದು ಹೋಗಿ ಅಗಳಿ ತೆಗೆದಳು. ಅವನು ಬೆವತು ಒದ್ದೆಯಾಗಿ ಅಲ್ಲೇ ನಿಂತಿದ್ದ.

"ಬನ್ನಿ" ಅಂದಳು. "ಎಲೆ ಹಾಕಿದೆ."

ಸಾಯುವ ತನಕ ಅವನು ಪ್ರತಿವರ್ಷ ಆ ಅಷ್ಟಮಿಗೆ ಬಂದ. ಅಮ್ಮ ಪ್ರತಿ ಅಷ್ಟಮಿಗೂ ಬಾಗಿಲು ಹಾಕಿದಳು. ಕೊನೆಕೊನೆಗೆ ಅವಳಿಗೆ ಮಂಡಿನೋವು ಜಾಸ್ತಿಯಾಗಿ ಅಗಳಿ ತೆಗೆಯುವ ಕೆಲಸ ನನಗೆ ಬಂತು. ನಾನು ಅವಳಿಗಿಂತ ತಡವಾಗಿ ತೆಗೆಯುತ್ತಿದ್ದೆ.