ಗೋಡೆ ಮುಟ್ಟಿ ನೋಡುವ ಅಕ್ಕ

ಬೆಳಗಿನ ಐದೂಮುಕ್ಕಾಲು. ಮೂರನೆಯ ಮಹಡಿಯ ಪುಟ್ಟ ಕೋಣೆಯಲ್ಲಿ ಐವತ್ತೆರಡರ ಹೆಂಗಸೊಬ್ಬರು ಕಂಪ್ಯೂಟರಿನ ಮುಂದೆ ಮೊಣಕಾಲೂರಿ ಕೂತಿದ್ದಾರೆ. ಪಕ್ಕದ ಮುಚ್ಚಳ ಬಿಚ್ಚಿದೆ, ಎದುರಿಗೆ ಟೇಬಲ್ ಫ್ಯಾನ್ ತಿರುಗುತ್ತಿದೆ. ಬಾಗಿಲಲ್ಲಿ ನನ್ನ ಪಕ್ಕ ನಿಂತ ಮನೆಯೊಡತಿ, ಎಪ್ಪತ್ತೆಂಟರ ನಿವೃತ್ತ ಹೆರಿಗೆ ನರ್ಸ್, ಕೈ ಹಿಸುಕಿಕೊಳ್ಳುತ್ತಿದ್ದಾರೆ.

'ಅಮ್ಮ, ನೀವು ಹಾಗೆ ನಿಂತ್ರೆ ನಂಗೇ ಬೆವರು ಬರತ್ತೆ. ಕೂತ್ಕೊಳ್ಳಿ,' ಎನ್ನುತ್ತಾರೆ ಅಕ್ಕ.

ಊರಿಗೆಲ್ಲ ಅವರು 'ಗೋಡೆ ಮುಟ್ಟೋ ಅಕ್ಕ'. ಬಿಸಿಯೇರಿ ನಿಂತುಹೋಗುವ ಮನೆ ಕಂಪ್ಯೂಟರುಗಳ ರಿಪೇರಿಯೇ ಅವರ ಕೆಲಸ. ದಿನಕ್ಕೆ ನಾಲ್ಕು ಮನೆ, ಒಂದು ಪೇಂಟಿಂಗ್ ಬ್ರಷ್ಷು, ಎರಡು ಸ್ಕ್ರೂಡ್ರೈವರ್, ಎಣಿಸಲಾಗದಷ್ಟು ಮೆಟ್ಟಿಲು.

ಇಷ್ಟು ಬೇಗ ಯಾಕೆ? ರಾತ್ರಿಯೆಲ್ಲ ಆರಿಸಿಟ್ಟ ಯಂತ್ರ ಬೆಳಗ್ಗೆ ತಣ್ಣಗಿರುತ್ತದೆ. ಈ ಮನೆಯ ಹಾರ್ಡ್ ಡಿಸ್ಕು ಅರ್ಧ ಗಂಟೆ ಓಡಿದರೆ ಕಾದು, ಟಿಕ್ ಟಿಕ್ ಎಂದು ಬಡಿದುಕೊಂಡು ನಿಂತುಬಿಡುತ್ತದೆ. ಅಷ್ಟರೊಳಗೆ ಆದಷ್ಟನ್ನು ಬೇರೆ ಡಿಸ್ಕಿಗೆ ಎಳೆದುಕೊಳ್ಳಬೇಕು. ಇವತ್ತು ಮೂರನೆಯ ಬೆಳಗು, ಉಳಿದಿರುವುದು ಕೊನೆಯ ಭಾಗ.

ಅದರಲ್ಲಿರುವುದು ನರ್ಸಮ್ಮನ ಇಡೀ ಬದುಕು. ಅವರ ಕೈಯಲ್ಲಿ ಹುಟ್ಟಿದ ಮೂರು ಸಾವಿರದ ನಾನೂರ ಹನ್ನೆರಡು ಮಕ್ಕಳ ಲೆಕ್ಕ. ಗಳಿಗೆ, ತೂಕ, ಮೊದಲ ಸಲ ಹೇಗೆ ಅತ್ತಿತು ಎನ್ನುವುದೂ ಸೇರಿ. ಬರೆದಿಟ್ಟ ನೋಟ್‌ಬುಕ್ಕುಗಳ ಪ್ರತಿ ಪುಟದ ಫೋಟೊ ತೆಗೆದು ಇದರಲ್ಲಿ ತುಂಬಿದ್ದರು. ನೋಟ್‌ಬುಕ್ಕುಗಳನ್ನು ಆಮೇಲೆ ಗೆದ್ದಲು ತಿಂದುಹಾಕಿತು. ಇದು ಹೋದರೆ ಎಲ್ಲವೂ ಹೋದಂತೆ.

ಮೊದಲ ದಿನ ಬಂದಾಗ ಅಕ್ಕ ಎಂದಿನಂತೆ ಗೋಡೆ ಮುಟ್ಟಿದರಂತೆ. ಗೋಡೆ ತಣ್ಣಗಿತ್ತು. ಕಂಪ್ಯೂಟರ್ ಮಾತ್ರ ಹತ್ತಿ ತುಂಬಿದ ದಪ್ಪ ಗವಸು ಹೊದ್ದು ಕೂತಿತ್ತು. ಬಟನ್ನಿಗೊಂದು ತೂತು ಬಿಟ್ಟು, ಮೂಲೆ ಮೂಲೆಗೂ ನೀಟಾಗಿ ಹೊಲಿದಿದ್ದರು.

'ಮೂವತ್ತೆಂಟು ವರ್ಷ ಮಕ್ಕಳನ್ನ ಸುತ್ತಿದ ಕೈ ಕಣಮ್ಮ,' ಎನ್ನುತ್ತಾರೆ ನರ್ಸಮ್ಮ, ನಾಚಿಕೊಂಡು. 'ಮುಟ್ಟಿದ್ರೆ ಬೆಚ್ಚಗಿರೋದು. ಸದ್ಯ, ಚೆನ್ನಾಗಿದೆ ಅಂದ್ಕೊಂಡಿದ್ದೆ.'

ಅಕ್ಕ ನಗುತ್ತಾರೆ. 'ಹತ್ತಿ ಎಳೆ ಎಲ್ಲಾ ಒಳಗಿನ ಫ್ಯಾನಿಗೆ ಸುತ್ಕೊಂಡಿತ್ತು. ಇಷ್ಟು ಪ್ರೀತಿ ಮಾಡಿಸ್ಕೊಂಡ ಕಂಪ್ಯೂಟರ್‌ನ ನಾನು ನೋಡೇ ಇರ್ಲಿಲ್ಲ.'

ಅಕ್ಕ ಯಾವ ಕಾಲೇಜಿನಲ್ಲೂ ಇದನ್ನು ಕಲಿತವರಲ್ಲ. ಹಿಂದೆ ಒಂದು ಟೈಪಿಂಗ್ ಅಂಗಡಿಯಲ್ಲಿದ್ದರು. ಅಲ್ಲಿ ಗೋಡೆ ಬದಿಯ ಯಂತ್ರ ದಿನಾ ಮಧ್ಯಾಹ್ನ ಕೈಕೊಡುತ್ತಿತ್ತು. ಮಾಲೀಕರು ಮೂರು ಸಲ ಡಿಸ್ಕ್ ಬದಲಿಸಿ, ಕೊನೆಗೆ ಯಂತ್ರವನ್ನೇ ಎಸೆಯಲು ಹೊರಟರು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಪೈಕಿ. ಒಂದು ದಿನ ಇವರು ಸುಸ್ತಾಗಿ ಗೋಡೆಗೊರಗಿದರೆ ಬೆನ್ನು ಸುಟ್ಟಿತು. ಆಚೆ ಬದಿ ಬೇಕರಿಯ ಒಲೆ! ಮೇಜನ್ನು ನಾಲ್ಕಡಿ ಸರಿಸಿದರು, ರೋಗ ಮಾಯ.

'ಅದಕ್ಕೇ ನಾನು ಮನೆಗೇ ಹೋಗೋದು. ಅಂಗಡಿಗೆ ತಂದ್ರೆ ಚೆನ್ನಾಗಿ ಓಡತ್ತೆ, ಮನೆಗೋದ್ರೆ ಮತ್ತೆ ಅದೇ ಕತೆ. ಕಾಯಿಲೆ ಇರೋದು ಮನೇಲಿ.'

ಶುರುವಿನಲ್ಲಿ ಬಾಗಿಲು ತೆರೆದವರೆಲ್ಲ 'ಗಂಡಸರು ಯಾರೂ ಬರ್ಲಿಲ್ವಾ?' ಎನ್ನುತ್ತಿದ್ದರಂತೆ. ಕೆಲವರು ಅಷ್ಟು ಹೇಳಿ ಬಾಗಿಲು ಹಾಕಿಕೊಂಡದ್ದೂ ಉಂಟು. ಮೊಣಕಾಲು ಈಗ ಮೆಟ್ಟಿಲಿಗೆ ಗೊಣಗುತ್ತದೆ. ಮನೆಯಲ್ಲಿ ಅತ್ತೆ ಇವತ್ತಿಗೂ, 'ನನ್ನ ಸೊಸೆ ಗೋಡೆ ಸವರಿ ಸಂಸಾರ ನಡೆಸ್ತಾಳೆ' ಎಂದು ಬಂದವರಿಗೆಲ್ಲ ಹೇಳುತ್ತಾರೆ. ಅದರಲ್ಲಿ ಎಷ್ಟು ತಮಾಷೆ, ಎಷ್ಟು ಹೆಮ್ಮೆ ಎಂದು ಕೇಳಿದರೆ, 'ಅರ್ಧ ಅರ್ಧ' ಎನ್ನುತ್ತಾರೆ ಅಕ್ಕ. ಅಂದಹಾಗೆ, ನನ್ನ ಕಂಪ್ಯೂಟರಿನ ಮೇಲೆ ಎರಡು ವರ್ಷದ ಹಳೆ ಪೇಪರಿನ ಕಟ್ಟಿದೆ ಎಂದು ಅವರಿಗೆ ಹೇಳುವ ಧೈರ್ಯ ನನಗಾಗಲಿಲ್ಲ.

ಆರೂಹತ್ತು. ಪರದೆಯ ಮೇಲೆ ಎಷ್ಟು ನಕಲಾಯಿತೆಂದು ತೋರುವ ಪಟ್ಟಿ ತೆವಳುತ್ತಿದೆ. ಇನ್ನು ನೂರಾ ನಲವತ್ತು ಪುಟ ಬಾಕಿ. ಟಿಕ್ ಎಂದು ಒಂದು ಸದ್ದು. ನರ್ಸಮ್ಮ ಎದ್ದು ನಿಲ್ಲುತ್ತಾರೆ. ಅಕ್ಕ ಡಿಸ್ಕಿಗೆ ಬೆರಳಿನ ಬೆನ್ನು ತಾಗಿಸಿ, ಫ್ಯಾನನ್ನು ಗೇಣಷ್ಟು ಹತ್ತಿರ ಎಳೆಯುತ್ತಾರೆ. ಮತ್ತೆ ಟಿಕ್. ಮೂವರೂ ಪರದೆಯನ್ನೇ ನೋಡುತ್ತೇವೆ. ಅರವತ್ತು. ಇಪ್ಪತ್ತು. ಆರೂಹದಿನೆಂಟಕ್ಕೆ ಪಟ್ಟಿ ತುಂಬುತ್ತದೆ.

ಅಕ್ಕ ಯಂತ್ರ ಆರಿಸಿ, ಹಳೆಯ ಡಿಸ್ಕ್ ತೆಗೆದು ಹೊಸದನ್ನು ಜೋಡಿಸಿ ಮತ್ತೆ ಚಾಲೂ ಮಾಡುತ್ತಾರೆ. ಬೇರೆಯವರ ಫೈಲು ತೆರೆದು ನೋಡುವ ಅಭ್ಯಾಸ ಅವರಿಗಿಲ್ಲ. ನರ್ಸಮ್ಮನೇ ಕೂತು ಪುಟಗಳನ್ನು ತಿರುವುತ್ತಾರೆ. ಎಲ್ಲ ಇದೆ. ಕಣ್ಣೊರೆಸಿಕೊಂಡು ನಗುತ್ತಾರೆ.

'ನೋಡಮ್ಮ, ಇಷ್ಟು ಮಕ್ಕಳಲ್ಲಿ ನನ್ನ ನೆನಪಿರೋದು ಎಷ್ಟು ಜನಕ್ಕೆ? ಮಗು ಅತ್ತ ತಕ್ಷಣ ಎಲ್ರೂ ಆ ಕಡೆ ತಿರುಗ್ತಾರೆ. ನಿಂಗೂ ಹಾಗೇನಾ?'

ಅಕ್ಕ ಮುಚ್ಚಳದ ಕೊನೆಯ ಸ್ಕ್ರೂ ಬಿಗಿದು, ಕಿವಿಯನ್ನು ಪೆಟ್ಟಿಗೆಗೆ ಹಚ್ಚುತ್ತಾರೆ.

'ನಂದು ಸ್ವಲ್ಪ ಉಲ್ಟಾ ಅಮ್ಮ. ನಿಮ್ಮ ಮಕ್ಕಳು ಅತ್ರೆ ನಿಮ್ಗೆ ನೆಮ್ಮದಿ. ನಂದು ಸದ್ದೇ ಮಾಡ್ಬಾರ್ದು.'

ಅಷ್ಟು ಹೇಳಿ ಸ್ವಲ್ಪ ಹೊತ್ತು ಕೇಳಿಸಿಕೊಳ್ಳುತ್ತಾರೆ. ಆಮೇಲೆ ಗವಸನ್ನು ಮಡಿಚಿ ನರ್ಸಮ್ಮನ ಕೈಗಿಟ್ಟು ಎದ್ದು ನಿಲ್ಲುತ್ತಾರೆ.

'ಮಲಗಿದೆ. ಏನೂ ಹೊದಿಸ್ಬೇಡಿ.'