ಎದುರು ತಂಡದ ಕಾಕಾ

ನಿಂತಾಗ ಅವರ ಎಡಗಾಲು ಯಾವಾಗಲೂ ಅರ್ಧ ಹೆಜ್ಜೆ ಮುಂದಿರುತ್ತಿತ್ತು. ಮೈಭಾರವೆಲ್ಲ ಹಿಂದಿನ ಕಾಲಿನ ಮೇಲೆ. ಯಾರಾದರೂ ಹೆಸರು ಹಿಡಿದು ಕರೆದರೆ ಆ ಕ್ಷಣವೇ ಓಡಬೇಕು ಎನ್ನುವಂಥ ನಿಲುವು. ಸಟನ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ, ಊಟದ ಹಾಲ್‌ನಲ್ಲಿ ಕೈತೊಳೆಯುವ ಸಾಲಿನಲ್ಲಿ, ಮೈದಾನದ ಗೆರೆಯ ಆಚೆ, ಎಲ್ಲೇ ನಿಂತರೂ ಹಾಗೆಯೇ. ಚಳಿಗೆ ಅವರ ಕಿವಿಗಳು ಕೆಂಪಗಾಗುತ್ತಿದ್ದವು. ಟೋಪಿ ಹಾಕಿಕೊಂಡರೆ ಮಾತು ಸರಿಯಾಗಿ ಕೇಳಿಸುವುದಿಲ್ಲವೆಂದು ಅದನ್ನು ಕೋಟಿನ ಜೇಬಿನಲ್ಲೇ ಇಟ್ಟುಕೊಂಡಿರುತ್ತಿದ್ದರು.

ನನ್ನ ಮಗ ಅವರನ್ನು ಕಾಕಾ ಎನ್ನುತ್ತಿದ್ದ; ಹಾಗಾಗಿ ನಮಗೆಲ್ಲರಿಗೂ ಅವರು ಕಾಕಾ. ಧಾರವಾಡದವರು. ರೈಲ್ವೆ ಸಿಗ್ನಲ್‌ಗಳ ಎಂಜಿನಿಯರ್. ನಾವು ಮೈಸೂರಿನವರು. ಲಂಡನ್ನಿನಲ್ಲಿ ಅವರ ಮನೆ ಸಟನ್‌ನಲ್ಲಿ, ನಮ್ಮದು ಹೇಸ್‌ನಲ್ಲಿ. ಊರಿನ ಎರಡು ತುದಿಗಳಲ್ಲಿದ್ದ ನಮ್ಮನ್ನು ಸೇರಿಸಿದ್ದು ಹಬ್ಬಗಳು, ಆಮೇಲೆ ಅಮೆರಿಕನ್ ಫುಟ್‌ಬಾಲ್. ಹೆಲ್ಮೆಟ್ ತೊಟ್ಟು, ಮೊನಚು ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಆ ಆಟ ಲಂಡನ್ನಿನಲ್ಲಿ ಹೆಚ್ಚು ಜನಕ್ಕೆ ಬೇಕಿಲ್ಲ. ವಿಶ್ವವಿದ್ಯಾಲಯಗಳ ಹುಡುಗರು ಆಡುತ್ತಾರೆ, ಅವರ ಮನೆಯವರು ಗೆರೆಯಾಚೆ ನಿಂತು ನಡುಗುತ್ತಾರೆ. ಕಾಕಾ ಯುವಕರಾಗಿದ್ದಾಗ ಅಮೆರಿಕದ ಕಾಲೇಜೊಂದರಲ್ಲಿ ಓದಿ, ಅಲ್ಲೇ ಆಟ ಕಲಿತವರು. ಇಲ್ಲಿ ಬಿಡುವಿನ ದಿನಗಳಲ್ಲಿ ಒಂದು ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್‌ಗಳನ್ನು ತಯಾರು ಮಾಡುತ್ತಿದ್ದರು. ಪ್ರತಿ ಸಲವೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್‌ನ ಕೈಗೆ. ಯಾರಿಗೆ ಎಸೆಯಬೇಕೆಂದು ತೀರ್ಮಾನಿಸುವವನೂ ಅವನೇ.

ನನ್ನ ಮಗನೂ ಕ್ವಾರ್ಟರ್‌ಬ್ಯಾಕ್ ಆದ. ಆದರೆ ಕಾಕಾ ಕಲಿಸುತ್ತಿದ್ದ ತಂಡದಲ್ಲಲ್ಲ, ಅವರ ಬದ್ಧ ಎದುರಾಳಿ ತಂಡದಲ್ಲಿ.

ಕಾಕಾ ತಮ್ಮ ಬಗ್ಗೆ ಹೇಳಿಕೊಳ್ಳುತ್ತಿದ್ದುದು ಒಂದೇ ಸಂಗತಿ. ಇಲ್ಫರ್ಡ್‌ನ ಹಾಲ್‌ನಲ್ಲಿ ಯುಗಾದಿ ಊಟ ಮುಗಿದು ನೆಲ ಗುಡಿಸುತ್ತಿದ್ದಾಗ ನಾನೇ ಕೇಳಿದ್ದೆ, ಅಮೆರಿಕದಲ್ಲಿ ನೀವು ಚೆನ್ನಾಗಿ ಆಡುತ್ತಿದ್ದಿರಾ ಎಂದು.

"ನಾ ಎಲ್ಲಿ ಆಡ್ದೆ, ತಂಗೀ? ನಾಕು ವರ್ಷ ಮೂರನೇದಾಂವ ಇದ್ದೆ. ಒಮ್ಮಿನೂ ಒಳಗ ಕರೀಲಿಲ್ಲ."

"ಬೇಜಾರಾಗ್ಲಿಲ್ವಾ?"

"ಬ್ಯಾಸರ ಯಾಕ? ಮೊದಲನೇದಾಂವ ಕಾಲು ಎಳದ್ರ ಅವಗಿಂತ ಮೊದಲ ನನಗ ಗೊತ್ತಾಗ್ತಿತ್ತು. ನಿಂತಾವಗ ನೋಡೂದ ಕೆಲಸ."

ಇಲ್ಲಿ ಅವರು ಕಲಿಸುತ್ತಿದ್ದ ತಂಡದಲ್ಲೂ ಕ್ವಾರ್ಟರ್‌ಬ್ಯಾಕ್ ಜಾಗಕ್ಕೆ ಸದಾ ಮೂವರು ಇರುತ್ತಿದ್ದರು. ಅಭ್ಯಾಸದಲ್ಲಿ ಮೂರನೆಯವನಿಗೂ ಮೊದಲನೆಯವನಷ್ಟೇ ಚೆಂಡು. ಮೊದಲನೆಯವನು ಓದು ಮುಗಿಸಿ ಹೋದರೆ ಅವರಿಗೆ ಚಿಂತೆಯಿರಲಿಲ್ಲ. ಎರಡನೆಯವನು ಒಂದು ಹೆಜ್ಜೆ ಮುಂದೆ ಬಂದು ನಿಲ್ಲುತ್ತಿದ್ದ. ಹಬ್ಬದ ಊಟದಲ್ಲೂ ಇದೇ ಕ್ರಮ. ಸಾರು ಬಡಿಸುವವನ ಹಿಂದೆ ಇನ್ನೊಬ್ಬನನ್ನು ನಿಲ್ಲಿಸುತ್ತಿದ್ದರು.

"ಒಬ್ಬಟ್ಟು ಬಡಿಸೋಕೂ ರಿಸರ್ವ್ ಬೇಕಾ ಕಾಕಾ?" ಎಂದು ನನ್ನ ಗಂಡ ರೇಗಿಸುತ್ತಿದ್ದರು.

"ಹೋಳಿಗಿಗೆ ಇಬ್ಬರು ಬೇಕು. ಬಡಸಾಂವ ಒಬ್ಬ, ಅವ ಬಾಯಾಗ ಹಾಕ್ಕೊಳ್ದಂಗ ನೋಡಾಂವ ಒಬ್ಬ."

ಮಗನ ತಂಡದ ಸ್ಥಿತಿ ಬೇರೆ. ಹಿಂದಿನ ಕ್ವಾರ್ಟರ್‌ಬ್ಯಾಕ್ ಪದವಿ ಮುಗಿಸಿ ಹೋದ ಮೇಲೆ ಆ ಜಾಗ ಇವನಿಗೆ ಬಂತು. ಇವನ ಹಿಂದೆ ಇದ್ದ ಹುಡುಗ ಅರ್ಧದಲ್ಲೇ ಕೋರ್ಸ್ ಬಿಟ್ಟ. ಆಮೇಲೆ ಯಾರೂ ಇಲ್ಲ. ಕಾಕಾ ಸಿಕ್ಕಾಗಲೆಲ್ಲ ಕೇಳುತ್ತಿದ್ದರು: "ಎರಡನೇದಾಂವ ಸಿಕ್ಕನೇನಪಾ?"

ಮಗ ಇಂಗ್ಲಿಷಿನಲ್ಲಿ ನಗುತ್ತಾ ಹೇಳುತ್ತಿದ್ದ, "ಯು ಆರ್ ಸ್ಪೈಯಿಂಗ್, ಕಾಕಾ."

ಅವನು ಉತ್ತರಿಸುತ್ತಿದ್ದುದೇ ಇಂಗ್ಲಿಷಿನಲ್ಲಿ. ನಾವು ಆಡುವ ಕನ್ನಡವೆಲ್ಲ ಅವನಿಗೆ ತಿಳಿಯುತ್ತಿತ್ತು. ಶಾಲೆಗೆ ಸೇರುವ ತನಕ ಮಾತನಾಡುತ್ತಲೂ ಇದ್ದ. ಆಮೇಲೆ ನಿಲ್ಲಿಸಿಬಿಟ್ಟ. ನಾನು ಕನ್ನಡದಲ್ಲಿ ಕೇಳುವುದು, ಅವನು ಇಂಗ್ಲಿಷಿನಲ್ಲಿ ಹೇಳುವುದು, ನಮ್ಮ ಮನೆಯ ಮಾತು ಎಂದರೆ ಅದೇ ಆಗಿತ್ತು. ನಾನು ಅದಕ್ಕೆ ಬಹಳ ಕಾಲ ಕೊರಗಿದ್ದೇನೆ.

ಎರಡು ತಂಡಗಳ ಪಂದ್ಯದ ದಿನ ನಾನು ಕಂಡದ್ದನ್ನು ಕಂಡ ಹಾಗೆಯೇ ಬರೆಯಲು ಪ್ರಯತ್ನಿಸುತ್ತೇನೆ. ಪಂದ್ಯ ಮಗನ ಮೈದಾನದಲ್ಲಿತ್ತು. ಮಳೆ ಇರಲಿಲ್ಲ, ನೆಲ ಒದ್ದೆಯಿತ್ತು. ಗೆದ್ದ ತಂಡ ಲೀಗಿನ ಮುಂದಿನ ಹಂತಕ್ಕೆ ಹೋಗುವುದಿತ್ತು. ಮಧ್ಯಂತರಕ್ಕೆ ಸ್ವಲ್ಪ ಮೊದಲು ಮಗ ಚೆಂಡು ಎಸೆದ. ಅದು ಅವನ ಕೈ ಬಿಟ್ಟ ಮೇಲೆ ಎದುರಾಳಿಯೊಬ್ಬ ಬಂದು ಗುದ್ದಿದ. ಬೇಕೆಂದು ಗುದ್ದಿದಂತೆ ನನಗೆ ಕಾಣಲಿಲ್ಲ, ಅವನಿಗೆ ನಿಲ್ಲಲಾಗಲಿಲ್ಲ. ಮಗ ಹಿಂದಕ್ಕೆ ಬಿದ್ದ. ತಲೆ ನೆಲಕ್ಕೆ ತಗುಲಿದ್ದನ್ನು ನಾನು ನೋಡಿದೆನೋ, ಆಮೇಲೆ ಊಹಿಸಿಕೊಂಡೆನೋ, ಈಗ ಹೇಳಲಾರೆ. ಅವನು ತಾನಾಗಿ ಎದ್ದ. ಪ್ರಥಮ ಚಿಕಿತ್ಸೆಯ ಹುಡುಗಿ ಓಡಿಹೋಗಿ ಪ್ರಶ್ನೆಗಳನ್ನು ಕೇಳಿದಳು: ಎಲ್ಲಿದ್ದೀಯ, ಯಾರ ಮೇಲೆ ಆಡುತ್ತಿದ್ದೀಯ, ಕೊನೆಯ ಅಂಕ ಯಾರದು. ಎಲ್ಲಕ್ಕೂ ಇಂಗ್ಲಿಷಿನಲ್ಲಿ ಸರಿಯಾಗಿ ಉತ್ತರ ಕೊಟ್ಟ. ಮತ್ತೆ ಆಡಿದ. ಚೆನ್ನಾಗಿಯೇ ಆಡಿದ.

ಮಧ್ಯಂತರದಲ್ಲಿ ನಾನು ನೀರಿನ ಬಾಟಲಿ ಹಿಡಿದು ಹೋದೆ. "ನೀರು ಕುಡೀತೀಯೇನೋ?" ಎಂದೆ.

"ಬೇಡಮ್ಮ. ಆಮೇಲೆ ಕುಡೀತೀನಿ," ಎಂದ.

ನನ್ನ ಕಣ್ಣು ತುಂಬಿ ಬಂತು. ಕಾಕಾ ತಮ್ಮ ತಂಡದ ಬಳಿಗೆ ನಡೆದು ಹೋಗುತ್ತಿದ್ದರು. ನಾನು ಅವರನ್ನು ನಿಲ್ಲಿಸಿ ಹೇಳಿದೆ: "ಕಾಕಾ, ಇವತ್ತು ನಮ್ಮ ಹುಡುಗ ನನ್ನ ಹತ್ರ ಕನ್ನಡದಲ್ಲಿ ಮಾತಾಡಿದ ನೋಡಿ."

ಅವರು ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ.

"ಏನಂದ? ಅವ ಅಂದಿದ್ದು ಹಂಗ ಹೇಳು."

ಹೇಳಿದೆ.

"ನೀ ಅವಗ ಕನ್ನಡದಾಗ ಮಾತಾಡು ಅಂತ ಹೇಳಿದ್ಯೇನು?"

"ಇಲ್ಲ."

ಅವರು ಮಗನ ಕಡೆಗೆ ಹೊರಟರು. ಎದುರು ತಂಡದವರು ಹಾಗೆ ಈ ಬದಿಗೆ ಬರುವ ವಾಡಿಕೆಯಿಲ್ಲ. ಹುಡುಗರು ತಲೆಯೆತ್ತಿ ನೋಡಿದರು. ಕಾಕಾ ಮಗನ ಮುಂದೆ ಮಂಡಿಯೂರಿ, "ಊಟ ಏನ್ ಮಾಡಿ ಬಂದ್ಯೋ ಮುಂಜಾನೆ?" ಎಂದರು.

"ಚಿತ್ರಾನ್ನ," ಎಂದ ಮಗ. "ಅಮ್ಮ ಡಬ್ಬೀಲಿ ಹಾಕ್ಕೊಟ್ಳು."

ನಾನು ಚಿತ್ರಾನ್ನ ಮಾಡಿರಲಿಲ್ಲ. ಅವನು ಟೋಸ್ಟ್ ತಿಂದು ಬಂದಿದ್ದ. ಚಿತ್ರಾನ್ನ ಡಬ್ಬಿಗೆ ಹಾಕಿಕೊಡುತ್ತಿದ್ದುದು ಅವನು ನರ್ಸರಿಗೆ ಹೋಗುವಾಗ.

ಕಾಕಾ ಎದ್ದು ಮಗನ ಕೋಚ್ ಬಳಿ ಹೋದರು. ಆತ ಇನ್ನೂ ಚಿಕ್ಕವ, ಒಳ್ಳೆಯವ. ಇಬ್ಬರ ನಡುವಿನ ಇಂಗ್ಲಿಷ್ ಮಾತನ್ನು ನಾನು ಪಕ್ಕದಲ್ಲೇ ನಿಂತು ಕೇಳಿದೆ. ಈ ಹುಡುಗ ಇನ್ನು ಆಡಬಾರದು, ಈಗಲೇ ಆಸ್ಪತ್ರೆಗೆ ಹೋಗಬೇಕು ಎಂದರು ಕಾಕಾ. ಅವನು ಪರೀಕ್ಷೆಯಲ್ಲಿ ಪಾಸಾಗಿದ್ದಾನೆ ಎಂದ ಕೋಚ್. ಅವನು ಹದಿನಾಲ್ಕು ವರ್ಷಗಳಿಂದ ಆಡದ ಭಾಷೆಯಲ್ಲಿ ಮಾತನಾಡುತ್ತಿದ್ದಾನೆ ಎಂದರು ಕಾಕಾ. ಕೋಚ್ ಮಗನ ಕಡೆ ತಿರುಗಿ ನೋಡಿದ. ಆಮೇಲೆ ತುಸು ಗಟ್ಟಿಯಾಗಿಯೇ, "ನಮಗೆ ಬೇರೆ ಕ್ವಾರ್ಟರ್‌ಬ್ಯಾಕ್ ಇಲ್ಲ ಅನ್ನುವುದು ನಿಮಗೆ ಚೆನ್ನಾಗಿ ಗೊತ್ತು," ಎಂದ. ಹುಡುಗರಲ್ಲಿ ಯಾರೋ ಒಬ್ಬ, "ಬುದ್ಧಿವಂತ ಮುದುಕ," ಎಂದು ನಕ್ಕ.

ಕಾಕಾಗೆ ಅದು ಕೇಳಿಸಿತು. ಟೋಪಿ ಜೇಬಿನಲ್ಲೇ ಇತ್ತು.

"ಹಾಗಾದರೆ ನನ್ನವನನ್ನೂ ಕೂರಿಸುತ್ತೇನೆ," ಎಂದರು. ಮತ್ತೆ, "ಎರಡನೆಯವನನ್ನೂ. ಮೂರನೆಯವನು ಆಡಲಿ. ನೀವು ನಿಮ್ಮಲ್ಲಿ ಯಾರಿಗಾದರೂ ಚೆಂಡು ಕೊಡಿ."

ಅವರು ತಮ್ಮ ಬದಿಗೆ ನಡೆದು ಹೋಗಿ ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ದೂರದಿಂದ ಕಂಡದ್ದು ಇಷ್ಟು: ಅವರ ಮುಖ್ಯ ಕೋಚ್ ಎರಡೂ ಕೈಗಳನ್ನು ಮೇಲೆತ್ತಿ ಕೆಳಗೆ ಬಿಟ್ಟ. ಎತ್ತರದ ಹುಡುಗನೊಬ್ಬ ಕಾಕಾರ ಮುಖವನ್ನೇ ನೋಡಿ, ಹೆಲ್ಮೆಟ್ ಕಳಚಿ ನೆಲದ ಮೇಲಿಟ್ಟು ಕೂತ. ಇನ್ನೊಬ್ಬನೂ ಕೂತ. ಅದನ್ನು ಮಗನ ಕೋಚ್ ಕೂಡ ನೋಡಿದ. ತಿರುಗಿ ಮಗನ ಹೆಲ್ಮೆಟ್ಟನ್ನು ತಾನೇ ಎತ್ತಿಕೊಂಡ.

ಮಗ ಅಷ್ಟು ಹೊತ್ತಿಗೆ ಸಿಟ್ಟಾಗಿದ್ದ. ಸಿಟ್ಟಿನ ಮಾತನ್ನೂ ಕನ್ನಡದಲ್ಲೇ ಆಡುತ್ತಿದ್ದ, ಐದು ವರ್ಷದ ಹುಡುಗನ ಕನ್ನಡದಲ್ಲಿ. "ನಂಗೇನೂ ಆಗಿಲ್ಲಮ್ಮ. ಬಿಡಮ್ಮ." ಕಾಕಾ ಓಡಿ ಬಂದು ಅವನ ಇನ್ನೊಂದು ತೋಳು ಹಿಡಿದರು. ಇಬ್ಬರೂ ಸೇರಿ ಅವನನ್ನು ಕಾರಿಗೆ ಹತ್ತಿಸಿದೆವು. ಪ್ರಥಮ ಚಿಕಿತ್ಸೆಯ ಹುಡುಗಿ ಅವನ ಪಕ್ಕ ಕೂತಳು. ಕಾರು ತಿರುಗುವಾಗ ನಾನು ಹಿಂದೆ ನೋಡಿದೆ. ಆಟ ಮತ್ತೆ ಶುರುವಾಗಿತ್ತು. ಅವರ ಮೂರನೆಯ ಹುಡುಗ ಮೊದಲ ಬಾರಿಗೆ ಒಳಗಿದ್ದ. ಕಾಕಾ ಮೈದಾನಕ್ಕೆ ಬೆನ್ನು ಮಾಡಿ ನಮ್ಮ ಕಾರನ್ನೇ ನೋಡುತ್ತಾ ನಿಂತಿದ್ದರು.

ಸ್ಕ್ಯಾನ್‌ನಲ್ಲಿ ತಲೆಬುರುಡೆಯ ಒಳಗೆ ರಕ್ತ ಒಸರಿರುವುದು ಕಂಡಿತು. ಉಳಿದ ಅರ್ಧ ಆಟವನ್ನೂ ಆಡಿ, ಇನ್ನೊಂದು ಪೆಟ್ಟು ಬಿದ್ದಿದ್ದರೆ ಎಂದು ವೈದ್ಯೆ ವಾಕ್ಯ ಆರಂಭಿಸಿ ನನ್ನ ಮುಖ ನೋಡಿ ನಿಲ್ಲಿಸಿದರು. ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ. ಕೆಲವು ದಿನ ಆಸ್ಪತ್ರೆಯಲ್ಲಿಟ್ಟುಕೊಂಡರು. ಎರಡನೆಯ ದಿನ ಬೆಳಿಗ್ಗೆ ಅವನು ಕಣ್ಣು ಬಿಟ್ಟು ಇಂಗ್ಲಿಷಿನಲ್ಲಿ ಚಾರ್ಜರ್ ಕೇಳಿದ. ನಾನು ಹೊರಗೆ ಹೋಗಿ ಕಾರಿಡಾರಿನಲ್ಲಿ ನಿಂತು ಅತ್ತೆ.

ಕಾಕಾರ ತಂಡ ಆವತ್ತು ಸೋತಿತು. ಮುಂದಿನ ವರ್ಷ ಅವರ ವಿಶ್ವವಿದ್ಯಾಲಯ ಕ್ವಾರ್ಟರ್‌ಬ್ಯಾಕ್‌ಗಳಿಗೆ ಕಲಿಸಲು ಬೇರೊಬ್ಬನನ್ನು ಕರೆಸಿತು. ಕಾರಣವನ್ನು ಅವರಿಗೆ ಯಾರೂ ಬಾಯಿಬಿಟ್ಟು ಹೇಳಲಿಲ್ಲವಂತೆ. ನಾನು ಕ್ಷಮೆ ಕೇಳಲು ಹೋದಾಗ ಅವರು ಅವಲಕ್ಕಿ ತಟ್ಟೆಯನ್ನು ನನ್ನ ಕಡೆ ತಳ್ಳಿ, "ಈಗ ಬಂದಾಂವ ನಾನ ಕಲಿಸಿದ ಹುಡುಗ, ತಂಗೀ. ನನ್ನ ಹಿಂದೂ ಒಬ್ಬಾಂವ ಇರಬೇಕಲ್ಲ? ತಿನ್ನು," ಎಂದರು.

ಮಗ ಆಮೇಲೆ ಆ ಆಟ ಆಡಲಿಲ್ಲ. ತಿಂಗಳುಗಟ್ಟಲೆ ಕಾಕಾರ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದ. ಒಂದು ಭಾನುವಾರ ಹೇಳದೆ ಸಟನ್‌ಗೆ ಹೋಗಿ ಬಂದ. ಏನು ಮಾತಾಡಿದರೆಂದು ಇಬ್ಬರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಂದಿನಿಂದ ತಿಂಗಳಿಗೊಮ್ಮೆಯಾದರೂ ಅವನು ಅಲ್ಲಿ ಊಟ ಮಾಡುತ್ತಿದ್ದ.

ಕಳೆದ ಚಳಿಗಾಲದಲ್ಲಿ ಕಾಕಾ ಹೋದರು. ಎದೆಯ ಸೋಂಕು ಎಂದು ಆಸ್ಪತ್ರೆಗೆ ಸೇರಿದವರು ವಾಪಸು ಬರಲಿಲ್ಲ. ಎಲ್ಲ ಮುಗಿದ ಮೇಲೆ ನಾನು ಅವರ ಹೆಂಡತಿಯ ಬಳಿ ಕೂತಿದ್ದೆ. ಅಷ್ಟು ವರ್ಷ ಅವರ ಮುಂದೆ ಸರಿಯಾಗಿ ಆಡಲಾಗದ ಮಾತನ್ನು ಆಕೆಗೆ ಹೇಳಿದೆ: ಆವತ್ತು ಅವರಿಗೆ ಅಷ್ಟು ಖಾತ್ರಿಯಾಗಿ ಗೊತ್ತಾಗಿದ್ದರಿಂದ ನನ್ನ ಮಗ ಉಳಿದ ಎಂದು.

ಆಕೆ ಸೆರಗಿನಿಂದ ಕನ್ನಡಕ ಒರೆಸಿಕೊಂಡರು.

"ಅವ್ರಿಗೆಲ್ಲಿ ಖಾತ್ರಿ ಇತ್ರೀ? ಆವತ್ತು ಮನೀಗೆ ಬಂದು ಬೂಟ್ ಸುದ್ದಾ ಬಿಚ್ಚಲಿಲ್ಲ. ಫೋನ್ ಮುಂದ ಕುಂತುಬಿಟ್ರು. 'ಆ ಹುಡುಗಂದು ಆಟ ಕೆಡಿಸಿದೆನೋ ಏನೋ, ನಮ್ಮ ಹುಡುಗೂರ್ದೂ ಕೆಡಿಸ್ದೆ' ಅಂತ ಮತ್ತ ಮತ್ತ ಅದನ್ನ ಅಂದ್ರು. ನೀವು ಫೋನ್ ಮಾಡಿ ತಲಿಯೊಳಗ ರಕ್ತ ಐತಿ ಅಂದ್ರೆಲ್ಲಾ, ಆವಾಗ ಅತ್ರು. 'ನಂದ ತಪ್ಪಾಗಿದ್ರ ಎಷ್ಟು ಛಲೋ ಇತ್ತು' ಅಂದ್ರು."